ಸ್ಪ್ರೂಸ್ ಕಾಡಿನ ಸತ್ತ ಮರದ ಮೇಲೆ ಗುಂಡುಸೂಜಿಗಳಂತೆ ನಿಂತಿರುವ ಇದು ಏನು?

ಸ್ಟಾಕ್‌ಹೋಮ್ ಬಳಿಯ ಸ್ಪ್ರೂಸ್ (ಸೂಜಿಯಂಥ ಎಲೆಯ ಮರ) ಕಾಡಿನಲ್ಲಿ, ತೊಗಟೆ ಕಳಚಿದ ಸತ್ತ ಮರದ ನೆರಳಿನ ಮಗ್ಗುಲಲ್ಲಿ ಒಂದೆರಡು ಮಿಲಿಮೀಟರ್ ಎತ್ತರದ ಕಪ್ಪು ಕಡ್ಡಿಗಳು, ತುದಿಯಲ್ಲಿ ಕಂದು ಗುಂಡು. ಇದು ಬೂಷ್ಟೋ ಕೀಟದ ಮೊಟ್ಟೆಯೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಇದು ಗುಂಡುಸೂಜಿ ಲೈಕೆನ್‌ಗಳ ಗುಂಪಿಗೆ ಸೇರಿದ್ದು. ಲೈಕೆನ್ ಎಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ನೀವು ಹಾಕಿದ ಚಿತ್ರ ನೋಡಿದರೆ ಕೀನೋಥೀಕಾ ಬ್ರುನಿಯೋಲಾ ಎಂಬ ಪ್ರಭೇದ ಇರಬೇಕು ಎಂದು ನನ್ನ ಊಹೆ. ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವೂ ಲೈಕೆನ್ನೇ, ಆದರೆ ಅದರ ಎಲೆಯಂಥ ಮೈ ಕಣ್ಣಿಗೆ ಕಾಣುತ್ತದೆ. ಇದರ ಮೈ ಬಹುಪಾಲು ಮರದೊಳಗೇ ಹುದುಗಿರುತ್ತದೆ. ಹೊರಗೆ ನಿಂತಿರುವುದು ಬೀಜಕಣ ಹೊತ್ತ ಕಡ್ಡಿಗಳು ಮಾತ್ರ.

ಮೊದಲ ಪರೀಕ್ಷೆಗೆ ಬೆರಳು ಸಾಕು. ಒಂದೆರಡು ಕಡ್ಡಿಗಳ ತಲೆಯನ್ನು ಮೆಲ್ಲಗೆ ಮುಟ್ಟಿ. ಕಂದು ಪುಡಿ ಅಂಟಿದರೆ ಅರ್ಧ ಕೆಲಸ ಮುಗಿಯಿತು. ಬಹುತೇಕ ಲೈಕೆನ್‌ಗಳಲ್ಲಿ ಬೀಜಕಣಗಳು ಪುಟ್ಟ ಚೀಲಗಳಿಂದ ಚಿಮ್ಮಿ ಹೊರಬೀಳುತ್ತವೆ. ಇದರಲ್ಲಿ ಚೀಲಗಳೇ ಕರಗಿಹೋಗಿ, ಬೀಜಕಣಗಳು ಒಣ ಪುಡಿಯಾಗಿ ತಲೆಯ ಮೇಲೆ ಉಳಿಯುತ್ತವೆ. ಗಾಳಿಯೋ ಹಾದುಹೋಗುವ ಕೀಟವೋ ಒಯ್ಯಬೇಕು. ಪುಡಿ ಅಂಟದಿದ್ದರೆ ಮೈಕೋಕ್ಯಾಲಿಸಿಯಂ ಸಬ್ಟೈಲ್ ಇರಬಹುದು. ಅದೂ ಇಂಥದೇ ಮರದಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬೆಳೆಯುತ್ತದೆ, ಆದರೆ ಪಾಚಿಯ ಜೊತೆಯಿಲ್ಲದ ಬರೀ ಶಿಲೀಂಧ್ರ. ಹೊಸಬರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಿಂದ ತಲೆಯ ಕೆಳಭಾಗವನ್ನು ನೋಡಿ. ಅಂಚಿನಲ್ಲಿ ಬಿಳಿ ಹುಡಿ ಇದ್ದು ಕಡ್ಡಿ ಗಿಡ್ಡವಾಗಿದ್ದರೆ ಕ್ಯಾಲಿಸಿಯಂ ಗ್ಲಾಸೆಲ್ಲಮ್ (ಕ್ಯಾಲ್ಸಿಯಂ ಅಲ್ಲ!) ಎಂಬ ಇನ್ನೊಂದು ಗುಂಡುಸೂಜಿ ಲೈಕೆನ್ ಎಂದು ಸಂಶಯಪಡಿ. ಹಳದಿ ಹುಡಿ, ಜೊತೆಗೆ ಬುಡದ ಸುತ್ತ ಹಳದಿ ಕಾಳುಗಳು ಕಂಡರೆ ಕೀನೋಥೀಕಾ ಕ್ರೈಸೋಸೆಫಾಲಾ ಇರಬಹುದು. ಬ್ರುನಿಯೋಲಾದಲ್ಲಿ ಇಂಥ ಬಿಳಿ, ಹಳದಿ ಹುಡಿ ಇರುವುದಿಲ್ಲ, ಕಡ್ಡಿ ಕರ್ರಗೆ ಹೊಳೆಯುತ್ತದೆ. ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕವೇ ಬೇಕು: ಕೀನೋಥೀಕಾದ ಈ ಪ್ರಭೇದದಲ್ಲಿ ಬೀಜಕಣ ದುಂಡಗೆ, ಒಂದೇ ಕೋಶದ್ದು, ಕ್ಯಾಲಿಸಿಯಂನಲ್ಲಿ ಉದ್ದುದ್ದಕ್ಕೆ, ನಡುವೆ ಅಡ್ಡಗೋಡೆ.

ಜಾಗವೂ ಸುಳಿವು ಕೊಡುತ್ತದೆ. ಮಳೆ ನೇರವಾಗಿ ಬೀಳದ, ಆದರೆ ಗಾಳಿಯಲ್ಲಿ ತೇವವಿರುವ ಕಡೆ ಇವು ಇಷ್ಟಪಟ್ಟು ಬೆಳೆಯುತ್ತವೆ. ವಾಲಿದ ಕಾಂಡದ ಅಡಿಮಗ್ಗುಲು, ಪೊಟರೆಯ ಬಾಯಿ. ಸ್ವೀಡನ್ನಿನ ಉಪ್ಸಾಲಾದ ಲೈಕೆನ್ ತಜ್ಞ ಲೈಫ್ ಟಿಬೆಲ್ 1992ರಲ್ಲೇ ಉತ್ತರದ ಸೂಚಿಪರ್ಣಿ ಕಾಡುಗಳಲ್ಲಿ ಇಂಥ ಲೈಕೆನ್‌ಗಳನ್ನು ಕಾಡಿನ ಅಖಂಡ ಮುಂದುವರಿಕೆಯ, ಅಂದರೆ ಕಾಡು ಬಹುಕಾಲ ಕಡಿತವಿಲ್ಲದೆ ಉಳಿದುಬಂದಿದೆ ಎಂಬುದರ, ಗುರುತುಗಳಾಗಿ ಪರಿಶೀಲಿಸಿದ್ದರು. ಹಾಗೆಂದು ಒಂದೇ ಪ್ರಭೇದ ಕಂಡ ಮಾತ್ರಕ್ಕೆ ಕಾಡು ಪುರಾತನವೆಂದು ಬಗೆಯಬೇಡಿ. ಒಂದೇ ಕಡೆ ಹಲವು ಪ್ರಭೇದಗಳು ಸೇರಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ನಿಮ್ಮ ಚಿತ್ರ ಮೇಲಿನಿಂದ ತೆಗೆದದ್ದು, ಹಾಗಾಗಿ ತಲೆಯ ಅಂಚು ಕಾಣುತ್ತಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದು, ಕಡ್ಡಿಗಳ ಮಟ್ಟದಲ್ಲಿ ಇನ್ನೊಂದು ಚಿತ್ರ ತೆಗೆದು ಹಾಕಿ. ಬೆರಳಿಗೆ ಪುಡಿ ಅಂಟಿತೇ ಎಂಬುದನ್ನೂ ತಿಳಿಸಿ.