ಎಬಿಸಿಡಿ ಬಾಯಿಪಾಠ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ: ಮನೆಯಲ್ಲೇ ಫೋನಿಕ್ಸ್ ಕಲಿಸುವುದು ಹೇಗೆ?

ನಾಲ್ಕೂವರೆ ವರ್ಷದ ಮಗನಿಗೆ ಎಬಿಸಿಡಿ ಪೂರ್ತಿ ಬಾಯಿಪಾಠ, ಆದರೆ ಮೂರಕ್ಷರದ ಪದ ಓದಲಿಕ್ಕಾಗುವುದಿಲ್ಲ, ಫೋನಿಕ್ಸ್ (ಅಕ್ಷರದ ಹೆಸರಿನ ಬದಲು ಅದರ ಸದ್ದು ಕಲಿತು, ಸದ್ದು ಕೂಡಿಸಿ ಓದುವ ವಿಧಾನ) ಕ್ಲಾಸಿಗೆ ಸೇರಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ಟೀಚರ್ ಅಲ್ಲ. ಮಂಗಳೂರಿನಲ್ಲಿ ಮಗಳಿಗೆ ಮನೆಯಲ್ಲೇ ಕಲಿಸಲು ಹೋಗಿ, ಮೊದಲು ಚೆನ್ನಾಗಿ ಕೆಡಿಸಿ, ಆಮೇಲೆ ಸರಿ ಮಾಡಿಕೊಂಡವಳು.

ಕೆಡಿಸಿದ್ದು ಹೀಗೆ. ಎಸ್ ಅಂದರೆ 'ಸ', ಟಿ ಅಂದರೆ 'ಟ', ಎನ್ ಅಂದರೆ 'ನ' ಎಂದು ಹೇಳಿಕೊಟ್ಟೆ. 'ಟಿನ್' ಬರೆದು ತೋರಿಸಿದರೆ 'ಟ, ಇ, ನ' ಅಂದಳು. ಕೂಡಿಸು ಅಂದರೆ 'ಟಇನ'! ತಪ್ಪು ಅವಳದ್ದಲ್ಲ ಮಾರಾಯ್ರೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ, ವ್ಯಂಜನದ ಒಳಗೆ 'ಅ' ಕೂತೇ ಇರುತ್ತದೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೂ ಬಾಲ ಅಂಟಿಸುತ್ತೇವೆ. ಬಾಲ ಕತ್ತರಿಸಿ: ಸ್, ಟ್, ಪ್, ನ್. ಎಳೆಯಲು ಬರುವ 'ಸ್ಸ್ಸ್', 'ನ್ನ್ನ್' ಮಕ್ಕಳಿಗೆ ಸುಲಭ. ಟ್, ಪ್ ಎಳೆಯಲಿಕ್ಕಾಗುವುದಿಲ್ಲ, ತಟ್ಟನೆ ಹೇಳಿ ಬಿಡಬೇಕು.

ಅಕ್ಷರ ತೋರಿಸುವ ಮೊದಲು ಕಿವಿಗೆ ಕೆಲಸ ಕೊಡಿ. ನಮಗೆ ಅದು ನಡೆದದ್ದು ಸಿಟಿ ಬಸ್ಸಿನಲ್ಲಿ. ದಿನಕ್ಕೊಂದು ಸದ್ದು, ಅದರಿಂದ ಶುರುವಾಗುವ ಊರ ಹೆಸರು ಹುಡುಕುವ ಆಟ. 'ಕ್' ದಿನ ಕಂಕನಾಡಿ, ಕದ್ರಿ, ಕೊಟ್ಟಾರ. 'ಬ್' ದಿನ ಬಲ್ಮಠ, ಬಿಜೈ, ಬೆಂದೂರ್‌ವೆಲ್. 'ಪ್' ಅಂದರೆ ಪಂಪ್‌ವೆಲ್, ಪಡೀಲ್, ಪಣಂಬೂರು. ಕಂಡಕ್ಟರ್ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಅಂತ ಕೂಗುವಾಗ ಕೊನೆಗೆ ಏನು ಕೇಳಿತು ಅಂದರೆ ಇಡೀ ಬಸ್ಸಿಗೆ ಕೇಳುವಂತೆ 'ಕ್!' ಊರ ಹೆಸರಿನಲ್ಲೇ ಆಡಿ, ಸದ್ದು ಹಿಡಿಯುವ ಕಿವಿಗೆ ಭಾಷೆಯ ಭೇದ ಇಲ್ಲ. ಉಡುಪಿಯವರಾದರೆ 'ಮ್'ಗೆ ಮಲ್ಪೆ, ಮಣಿಪಾಲ ಇದ್ದೇ ಇದೆ.

ಆಮೇಲೆ ಆರೇ ಅಕ್ಷರ: ಎಸ್, ಎ, ಟಿ, ಪಿ, ಐ, ಎನ್. ಇಷ್ಟರಲ್ಲೇ ಪಿನ್, ಟಿನ್, ಪ್ಯಾನ್, ಟ್ಯಾಪ್ ಎಲ್ಲ ಆಗುತ್ತದೆ, ಎಲ್ಲವೂ ಮನೆಯಲ್ಲೇ ಇರುವ ವಸ್ತು. ನಾನು ದೋಸೆ ಹೊಯ್ಯುತ್ತಾ 'ಟ್... ಇ... ನ್ ತಾ' ಅನ್ನುತ್ತಿದ್ದೆ, ಅವಳು ಸದ್ದು ಕೂಡಿಸಿ ಓಡಿ ಹೋಗಿ ಅವಲಕ್ಕಿ ಟಿನ್ ತರುತ್ತಿದ್ದಳು. ನಾವು ಮಾಡಿದ್ದರಲ್ಲೆಲ್ಲ ಹೆಚ್ಚು ಫಲ ಕೊಟ್ಟ ಆಟ ಇದೇ. ರಟ್ಟಿನ ಅಕ್ಷರ ಜೋಡಿಸಿದ್ದು ಅದಾದ ಮೇಲೆ.

'ಟ್ಯಾಪ್', 'ಪ್ಯಾನ್'ನ ನಡುವಿನ ಸ್ವರ ಕನ್ನಡ ವರ್ಣಮಾಲೆಯಲ್ಲಿ ಇಲ್ಲ. ನಿಮ್ಮದು ತುಳು ಮಾತಾಡುವ ಮನೆಯಾದರೆ ಚಿಂತೆ ಬೇಡ. 'ಯಾನ್ ಮಲ್ಪುವೆ' (ನಾನು ಮಾಡುತ್ತೇನೆ) ಅನ್ನುವಾಗ ಕೊನೆಗೆ ಬಾಯಿ ಅಗಲವಾಗುತ್ತದೆ, 'ಆಯೆ ಮಲ್ಪುವೆ' (ಅವನು ಮಾಡುತ್ತಾನೆ) ಅನ್ನುವಾಗ ಆಗುವುದಿಲ್ಲ. ಬರೆದರೆ ಎರಡೂ ಒಂದೇ, ಕಿವಿಗೆ ಬೇರೆ. ಆ ಅಗಲದ ಸ್ವರವೇ ಹೆಚ್ಚುಕಡಿಮೆ ಇದು. ಇದನ್ನು ತೋರಿಸಿಕೊಟ್ಟದ್ದು ಇಂಗ್ಲಿಷ್ ಬಾರದ ನನ್ನ ಅತ್ತೆ.

ಅಕ್ಷರದ ಹೆಸರುಗಳನ್ನು ಸ್ವಲ್ಪ ದಿನ ಮರೆತುಬಿಡಿ. 'ಐ' ಎಂಬ ಅಕ್ಷರದ ಸದ್ದು 'ಇ', 'ಈ' ಎಂಬ ಅಕ್ಷರದ ಸದ್ದು 'ಎ'. ಕನ್ನಡವೂ ಕಲಿಯುತ್ತಿರುವ ಮಗುವಿಗೆ ತಲೆ ತಿರುಗದೆ ಇರುತ್ತದಾ? 26 ಅಕ್ಷರಕ್ಕೆ ಸುಮಾರು 44 ಸದ್ದು ಇರುವ ಭಾಷೆ ಅದು, 'ಶ್', 'ಚ್' ತರದ ಜೋಡಿ ಅಕ್ಷರಗಳಿಗೆ ಈಗಲೇ ಅವಸರ ಬೇಡ.

ದಿನಕ್ಕೆ ಹತ್ತು ನಿಮಿಷ ಸಾಕು. ಅವನಿಗೆ ಬೇಸರವಾದ ದಿನ ಐದೇ. 'ವನ್', 'ದಿ' ತರದ, ಸದ್ದು ಕೂಡಿಸಿ ಓದಲಿಕ್ಕಾಗದ ಪದ ಕಂಡು ಕೇಳಿದರೆ ಸದ್ದು ಬಿಡಿಸಲು ಹೋಗದೆ ಹಾಗೇ ಓದಿ ಹೇಳಿಬಿಡಿ.