ಸಂಪಾದಕರ ಉತ್ತರ: ಡಾಲರಿನ ತವರು

ಸಾಗರದ ಮೇಷ್ಟ್ರಿಗೆ ನಮಸ್ಕಾರ.

ರೂಪಾಯಿ ವಿನಿಮಯ ದರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಒಂದು ಸಾಲು ನಿಮ್ಮನ್ನು ಕೆರಳಿಸಿದೆ. ‘ಡಾಲರ್ ಎಂಬ ಹೆಸರು ಅಮೆರಿಕದ್ದಲ್ಲ, ಮಧ್ಯ ಯುರೋಪಿನ ಒಂದು ಗಣಿ ಊರಿನದು’ ಎಂದು ನಾವು ಮಾತಿನ ಮಧ್ಯೆ ಬರೆದು ಮುಂದೆ ಹೋಗಿದ್ದೆವು. ನೀವು ಹೋಗಗೊಡಲಿಲ್ಲ. ನಿಮ್ಮ ಪತ್ರ ಓದದವರಿಗಾಗಿ ಅದರ ಸಾರ ಇಷ್ಟು: ಡಾಲರ್ ಅಮೆರಿಕದವರೇ ಇಟ್ಟುಕೊಂಡ ಹೆಸರು; ಅವರ ದರ್ಪ ಎಲ್ಲೆಲ್ಲಿ ಹಬ್ಬಿತೋ ಅಲ್ಲೆಲ್ಲ ಆ ಹೆಸರೂ ಹಬ್ಬಿತು; ಯಾವುದಕ್ಕೇ ಆಗಲಿ ಯುರೋಪಿನಲ್ಲಿ ಬೇರು ಹುಡುಕುವುದು ಈ ಪತ್ರಿಕೆಗೆ ಅಂಟಿದ ಚಾಳಿ. ಕೊನೆಗೆ, ನಮ್ಮ ಕಡೆ ಚೈನಿನ ಪದಕಕ್ಕೆ ‘ಡಾಲರ್’ ಅನ್ನುತ್ತಾರಲ್ಲ, ಅದೂ ಯುರೋಪಿನಿಂದಲೇ ಬಂತೋ ಎಂಬ ಒಂದು ಕುಟುಕು.

ಚಾಳಿಯ ಮಾತು ಹಾಗಿರಲಿ. ಹೆಸರಿನ ವಿಷಯದಲ್ಲಿ ದಾಖಲೆಗಳು ನಿಮ್ಮ ಪಕ್ಷದಲ್ಲಿಲ್ಲ. ಅಮೆರಿಕ ಎಂಬ ದೇಶ ಹುಟ್ಟುವ ಹೊತ್ತಿಗೆ ಈ ಹೆಸರಿಗೆ ಇನ್ನೂರೈವತ್ತು ವರ್ಷ ದಾಟಿತ್ತು.

ಜೆಕ್ ದೇಶದ ಪಶ್ಚಿಮಕ್ಕೆ, ಜರ್ಮನಿಯ ಗಡಿಗೆ ಅಂಟಿಕೊಂಡಂತೆ ಒಂದು ಬೆಟ್ಟಸಾಲಿದೆ. ಅದರ ಹೆಸರೇ ಅದಿರು ಬೆಟ್ಟ. ಅಲ್ಲಿನ ಒಂದು ಇಕ್ಕಟ್ಟು ಕಣಿವೆಯಲ್ಲಿ, 16ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. 1516ರಲ್ಲಿ ಶ್ಲಿಕ್ ಮನೆತನದ ಕೌಂಟ್ ಸ್ಟೀಫನ್ ಎಂಬ ಜಮೀನುದಾರ ಅಲ್ಲಿ ಊರು ಕಟ್ಟಿಸಿದ. ಬೆಟ್ಟದ ಆಚೆ ಬದಿಗೆ, ಸ್ಯಾಕ್ಸನಿಯಲ್ಲಿ, ಅಷ್ಟರಲ್ಲೇ ಇನ್ನೊಂದು ಗಣಿ ಊರು ಬೆಳೆದಿತ್ತು. ಯೇಸುವಿನ ಅಜ್ಜಿ ಸಂತ ಆನಳ ಹೆಸರು ಹೊತ್ತ ಆ ಊರು ಆನಾಬರ್ಗ್. ಅಜ್ಜಿಯ ಹೆಸರು ಆಚೆಗಾದರೆ ಅಜ್ಜನದು ಈಚೆಗಿರಲಿ ಎಂಬಂತೆ ಹೊಸ ಊರಿಗೆ ಸಂತ ಯೋವಾಖಿಮನ ಹೆಸರು ಬಿತ್ತು: ಯೋವಾಖಿಮ್ಸ್‌ಟಾಲ್. ‘ಟಾಲ್’ ಅಂದರೆ ಜರ್ಮನ್ ಭಾಷೆಯಲ್ಲಿ ಕಣಿವೆ. ಶಾಲೆಯಲ್ಲಿ ನೀವೇ ಪಾಠ ಮಾಡಿರಬಹುದಾದ ನಿಯಾಂಡರ್ಟಾಲ್ ಮಾನವ ಸಿಕ್ಕಿದ್ದೂ ನಿಯಾಂಡರ್ ಎಂಬ ಕಣಿವೆಯಲ್ಲೇ. ಊರಿನ ಇಂದಿನ ಜೆಕ್ ಹೆಸರು ಯಾಖಿಮೋವ್.

ಗಣಿ ಕೆಲಸದವರು ಗುಂಪುಗುಂಪಾಗಿ ಬಂದು ನೆಲೆಸಿದರು. ಅವರಿಗೆ ಕೂಲಿ ಕೊಡಬೇಕು, ಬೆಳ್ಳಿಯನ್ನು ಗಟ್ಟಿಯಾಗಿ ಸಾಗಿಸುವುದಕ್ಕಿಂತ ನಾಣ್ಯವಾಗಿ ಸಾಗಿಸಿದರೆ ಲಾಭವೂ ಹೆಚ್ಚು. ಶ್ಲಿಕ್ ಮನೆಯವರು ಅಲ್ಲೇ ಟಂಕಸಾಲೆ ತೆರೆದರು. ನಾಣ್ಯ ಹೊಡೆಯುವುದು ರಾಜನ ಹಕ್ಕು. ಇವರು ಕೆಲಸ ಶುರುಮಾಡಿದ ಮೇಲೆ, 1520ರ ಜನವರಿಯಲ್ಲಿ ಆ ಸೀಮೆಯ ರಾಜ್ಯವಾದ ಬೊಹೀಮಿಯದ ಸಭೆಯಿಂದ ಒಪ್ಪಿಗೆ ಪಡೆದುಕೊಂಡರು. ಮೊದಲು ಕೆಲಸ, ಆಮೇಲೆ ಪರವಾನಗಿ. ಇದು ನಮ್ಮ ಕಾಲದ್ದೇ ರೂಢಿ ಎಂದುಕೊಂಡಿದ್ದವರಿಗೆ ಸಮಾಧಾನವಾಗಲಿ.

ಆ ನಾಣ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಗಲ ಸುಮಾರು 4 ಸೆಂಟಿಮೀಟರ್, ತೂಕ ಸುಮಾರು 29 ಗ್ರಾಂ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ಇತ್ತು. ಅಂಥ ಎರಡೂವರೆ ರೂಪಾಯಿಯಷ್ಟು ಭಾರ ಒಂದೇ ಬಿಲ್ಲೆಯಲ್ಲಿ. ಒಂದು ಮಗ್ಗುಲಲ್ಲಿ ಕೋಲು ಹಿಡಿದು ನಿಂತ ಸಂತ ಯೋವಾಖಿಮ್, ಜತೆಗೆ ಶ್ಲಿಕ್ ಮನೆತನದ ಲಾಂಛನ. ಇನ್ನೊಂದು ಮಗ್ಗುಲಲ್ಲಿ ಎರಡು ಬಾಲದ ಬೊಹೀಮಿಯದ ಸಿಂಹ, ಸುತ್ತ ರಾಜ ಲುಡ್ವಿಗನ ಹೆಸರು. ಅದುವರೆಗೆ ಆ ಸೀಮೆಯ ಸಂತೆಗಳಲ್ಲಿ ಓಡಾಡುತ್ತಿದ್ದದ್ದು ಹೆಚ್ಚಾಗಿ ತೆಳು ಬೆಳ್ಳಿಯ ಚಿಲ್ಲರೆ. ದೊಡ್ಡ ವ್ಯವಹಾರಕ್ಕೆ ಚಿನ್ನದ ಗುಲ್ಡನ್. ಒಂದು ಚಿನ್ನದ ಗುಲ್ಡನ್ನಿಗೆ ಸಮನಾದ ಬೆಳ್ಳಿಯನ್ನು ಒಂದೇ ನಾಣ್ಯವಾಗಿ ಹೊಡೆಯುವ ಯೋಚನೆ ಶ್ಲಿಕ್ ಅವರದಲ್ಲ. ಆಸ್ಟ್ರಿಯ ಕಡೆಯ ಟಿರೋಲಿನ ದೊರೆ ಸಿಗಿಸ್ಮುಂಡ್ 1486ರಲ್ಲೇ ಅದನ್ನು ಮಾಡಿದ್ದ. ಆದರೆ ಅವನ ಹತ್ತಿರ ಇಷ್ಟು ಬೆಳ್ಳಿ ಇರಲಿಲ್ಲ. ಯೋವಾಖಿಮ್ಸ್‌ಟಾಲಿನಿಂದ ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ನಾಣ್ಯ ಹೊರಬಿತ್ತು. ಜನ ಅದನ್ನು ಊರಿನ ಹೆಸರಿನಿಂದಲೇ ‘ಯೋವಾಖಿಮ್ಸ್‌ಟಾಲರ್’ ಎಂದು ಕರೆದರು, ಅಂದರೆ ಯೋವಾಖಿಮ್ಸ್‌ಟಾಲಿನದು. ಬಾಯಿ ತುಂಬ ಅಷ್ಟುದ್ದ ಹೇಳುವ ತಾಳ್ಮೆ ಸಂತೆಯಲ್ಲಿ ಯಾರಿಗಿರುತ್ತದೆ? ತಲೆ ಕಳಚಿ ಬಾಲ ಉಳಿಯಿತು: ಟಾಲರ್. ಇಳಕಲ್ ಸೀರೆಯನ್ನು ಮೊದಲು ಬರೀ ‘ಇಳಕಲ್’ ಅಂದು, ಆಮೇಲೆ ‘ಕಲ್’ ಅಂದು, ಕೊನೆಗೆ ಮೊಳಕಾಲ್ಮೂರಿನ ಸೀರೆಗೂ ಕಂಚಿಯ ಸೀರೆಗೂ ‘ಕಲ್’ ಎಂದೇ ಕರೆದಿದ್ದರೆ ಹೇಗಿರುತ್ತಿತ್ತೋ ಹಾಗೆ.

ಹೌದು, ಬೇರೆ ಊರಿನ ನಾಣ್ಯಕ್ಕೂ ಅದೇ ಹೆಸರು. ನಮ್ಮ ವಾದವೆಲ್ಲ ನಿಂತಿರುವುದು ಇದರ ಮೇಲೆಯೇ. ಶ್ಲಿಕ್ ಮನೆಯವರ ಭಾಗ್ಯ ಹೆಚ್ಚು ಕಾಲ ನಡೆಯಲಿಲ್ಲ. 1526ರಲ್ಲಿ ಹಂಗೆರಿಯ ಮೊಹಾಚ್ ಬಯಲಿನಲ್ಲಿ ತುರ್ಕರ ಎದುರು ನಡೆದ ಯುದ್ಧದಲ್ಲಿ ರಾಜ ಲುಡ್ವಿಗನೂ ಸತ್ತ, ಕೌಂಟ್ ಸ್ಟೀಫನನೂ ಮರಳಲಿಲ್ಲ. ಎರಡೇ ವರ್ಷಕ್ಕೆ ಹೊಸ ರಾಜ ಫರ್ಡಿನಾಂಡ್ ಟಂಕಸಾಲೆಯನ್ನು ತನ್ನ ವಶಕ್ಕೆ ತೆಗೆದುಕೊಂಡ. ಶತಮಾನ ಅರ್ಧ ಕಳೆದ ಮೇಲೆ ಕಣಿವೆಯ ಬೆಳ್ಳಿಯೂ ಸೊರಗತೊಡಗಿತು. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿಯಲ್ಲಿ ಬೆಳ್ಳಿಯ ಬೆಟ್ಟವೇ ಸಿಕ್ಕಿದ ಮೇಲೆ ಬೊಹೀಮಿಯದ ಗಣಿಗಳನ್ನು ಕೇಳುವವರು ಕಡಿಮೆಯಾದರು. ಇಷ್ಟಾದರೂ ಹೆಸರಿಗೆ ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ‘ಟಾಲರ್’ ಎಂದರೆ ಒಂದು ಊರಿನ ಸರಕು ಎಂಬುದು ಹೋಗಿ ಇಂಥ ಗಾತ್ರದ, ಇಂಥ ತೂಕದ ದಪ್ಪ ಬೆಳ್ಳಿ ನಾಣ್ಯ ಎಂಬ ಅರ್ಥ ಬಂದಾಗಿತ್ತು. ಸ್ಯಾಕ್ಸನಿಯಿಂದ ಹಿಡಿದು ನೂರೆಂಟು ಜರ್ಮನ್ ಸಂಸ್ಥಾನಗಳು ತಂತಮ್ಮ ದೊರೆಯ ಮುಖ ಹಾಕಿ ಟಾಲರ್ ಹೊಡೆದವು. 1566ರಲ್ಲಿ ಆ ಸಂಸ್ಥಾನಗಳಿದ್ದ ಪವಿತ್ರ ರೋಮನ್ ಸಾಮ್ರಾಜ್ಯಕ್ಕೆಲ್ಲ ಒಪ್ಪಿತವಾದ ಒಂದು ಅಳತೆಯೂ ಬಂತು.

ಉತ್ತರದ ನಾಲಗೆಗಳಲ್ಲಿ ‘ಟ’ ಮೆತ್ತಗಾಗಿ ‘ಡ’ ಆಯಿತು. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಡಾಲರ್, ಡಚ್ಚರಲ್ಲಿ ಡಾಲ್ಡರ್. ಇಟಲಿಯಲ್ಲಿ ತಾಲ್ಲೆರೊ, ಪೋಲೆಂಡಿನಲ್ಲಿ ತಾಲರ್. ಸ್ಲೊವೇನಿಯ 1991ರಲ್ಲಿ ಸ್ವತಂತ್ರವಾದಾಗ ತನ್ನ ಹಣಕ್ಕೆ ‘ತೋಲಾರ್’ ಎಂದೇ ಹೆಸರಿಟ್ಟಿತು. ಯೂರೋ ಬರುವವರೆಗೂ ಅದು ನಡೆಯಿತು. ಸ್ವೀಡನ್ನಿನದು ಮಾತ್ರ ವಿಚಿತ್ರ ಕಥೆ. ಅಲ್ಲಿ ಬೆಳ್ಳಿಗಿಂತ ತಾಮ್ರ ಹೇರಳ. ಬೆಲೆಗೆ ಸಮನಾದ ಲೋಹ ನಾಣ್ಯದೊಳಗೇ ಇರಬೇಕು ಎಂಬ ಹಟಕ್ಕೆ ಬಿದ್ದು 1644ರಲ್ಲಿ ಹತ್ತು ಡಾಲರಿನ ತಾಮ್ರದ ಹಲಗೆ ಹೊಡೆದರು. ಒಂದೊಂದರ ತೂಕ 19 ಕಿಲೋಗೂ ಮಿಕ್ಕಿ! ಜೇಬುಗಳ್ಳರಿಗೆ ಅಂಥ ಕಷ್ಟಕಾಲ ಮತ್ತೆ ಬಂದಿರಲಾರದು.

ಇಂಗ್ಲಿಷರಿಗೆ ಹೆಸರು ಸಿಕ್ಕಿದ್ದು ಡಚ್ಚರ ಮತ್ತು ಕೆಳನಾಡಿನ ಜರ್ಮನ್ ವ್ಯಾಪಾರಿಗಳ ಬಾಯಿಂದ. 16ನೇ ಶತಮಾನದಲ್ಲೇ ಅವರ ಬರಹಗಳಲ್ಲಿ ಅದು ಬರುತ್ತದೆ. ಷೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ ನಾಟಕದಲ್ಲಿ ಸೋತ ನಾರ್ವೆಯ ರಾಜನಿಂದ ಹತ್ತು ಸಾವಿರ ಡಾಲರ್ ಕಕ್ಕಿಸುತ್ತಾನೆ. ಕಥೆ ನಡೆಯುವುದು 11ನೇ ಶತಮಾನದಲ್ಲಿ. ಆಗ ಡಾಲರಿರಲಿ, ಕಣಿವೆಯಲ್ಲಿ ಆ ಊರೇ ಇರಲಿಲ್ಲ. ಅದು ಕವಿಯ ಸ್ವಾತಂತ್ರ್ಯ ಎಂದು ಬಿಟ್ಟುಬಿಡಿ. ಆದರೆ 1600ರ ಆಸುಪಾಸಿನ ಲಂಡನ್ನಿನ ಪ್ರೇಕ್ಷಕರಿಗೆ ಆ ಪದ ಅರ್ಥವಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಹುಟ್ಟಿದ್ದು 1732ರಲ್ಲಿ.

ಡಚ್ಚರು 1575ರಿಂದ ಹೊಡೆದ ಸಿಂಹದ ಡಾಲ್ಡರ್ ತುರ್ಕಿಯ ಬಂದರುಗಳಿಗೂ ಹೋಯಿತು, ಹಡ್ಸನ್ ನದಿಯ ದಡದ ಡಚ್ ವಸಾಹತಿಗೂ ಹೋಯಿತು. ಆ ವಸಾಹತೇ ಮುಂದೆ ನ್ಯೂಯಾರ್ಕ್. ಸಿಂಹದ ಚಿತ್ರ ಸವೆದು ಸವೆದು ಏನಾಯಿತೆಂದರೆ, ಅರಬರು ಅದನ್ನು ‘ಅಬು ಕಲ್ಬ್’, ನಾಯಿಯಪ್ಪ, ಎಂದು ಕರೆದರು. ರೊಮೇನಿಯದವರು ಸಿಂಹವನ್ನು ಸಿಂಹವೆಂದೇ ಗುರುತಿಸಿದರು. ಅವರ ಇಂದಿನ ಹಣದ ಹೆಸರು ‘ಲೆವು’, ಅಂದರೆ ಸಿಂಹ.

ಈಗ ನಿಮ್ಮ ಅಮೆರಿಕಕ್ಕೆ ಬರೋಣ. ಅಲ್ಲಿನ ಬ್ರಿಟಿಷ್ ವಸಾಹತುಗಳಲ್ಲಿ ಇಂಗ್ಲೆಂಡಿನ ಬೆಳ್ಳಿಗೆ ಸದಾ ಬರ. ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಮೆಕ್ಸಿಕೊ, ಪೆರುಗಳ ಟಂಕಸಾಲೆಯಲ್ಲಿ ಅಚ್ಚಾದ ಸ್ಪೇನಿನ ಎಂಟು ರಿಯಾಲಿನ ನಾಣ್ಯ. ಸ್ಪೇನಿನವರು ಅದಕ್ಕೆ ‘ಪೆಸೊ’ ಎನ್ನುತ್ತಿದ್ದರು. ಗಾತ್ರ, ತೂಕ ಟಾಲರಿನ ಆಸುಪಾಸಿನಲ್ಲೇ ಇದ್ದುದರಿಂದ ಇಂಗ್ಲಿಷ್ ಮಾತಾಡುವವರು ಅದನ್ನು ‘ಸ್ಪ್ಯಾನಿಷ್ ಡಾಲರ್’ ಎಂದರು. ಸ್ವಾತಂತ್ರ್ಯ ಬಂದ ಮೇಲೆ ಹೊಸ ದೇಶದ ಹಣದ ಲೆಕ್ಕ ಯಾವುದಿರಬೇಕು ಎಂಬ ಚರ್ಚೆ ಎದ್ದಿತು. ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್, ಡಾಲರಿನ 1,440ನೇ ಒಂದು ಭಾಗವನ್ನು ಮೂಲಮಾನ ಮಾಡೋಣ ಎಂದ; ಎಲ್ಲ ರಾಜ್ಯಗಳ ಲೆಕ್ಕವೂ ಅದರಲ್ಲಿ ಸಲೀಸಾಗಿ ಭಾಗವಾಗುತ್ತಿತ್ತು. ಥಾಮಸ್ ಜೆಫರ್ಸನ್ ಒಪ್ಪಲಿಲ್ಲ. 80 ಡಾಲರಿನ ಕುದುರೆಗೆ 1,15,200 ಎಂದು ಬರೆಯಬೇಕಾಗುತ್ತದಲ್ಲ ಎಂಬುದು ಅವನ ತಕರಾರು. ಜನರಿಗೆ ಡಾಲರ್ ಗೊತ್ತು, ಅದರಲ್ಲೇ ಲೆಕ್ಕ ಹಾಕುವುದು ಅವರಿಗೆ ರೂಢಿಯಾಗಿದೆ, ಅದನ್ನೇ ಇಟ್ಟುಕೊಳ್ಳೋಣ ಎಂದ. 1785ರಲ್ಲಿ ಅದು ನಿರ್ಧಾರವಾಯಿತು. 1792ರಲ್ಲಿ ಟಂಕಸಾಲೆಯ ಕಾನೂನು ಬಂತು. ಅಷ್ಟರ ಮೇಲೂ ಸ್ಪ್ಯಾನಿಷ್ ಡಾಲರ್ 1857ರವರೆಗೆ ಅಲ್ಲಿ ಕಾನೂನುಬದ್ಧ ಹಣವಾಗಿಯೇ ಉಳಿಯಿತು. ನ್ಯೂಯಾರ್ಕ್ ಷೇರುಪೇಟೆಯಲ್ಲಿ 1997ರವರೆಗೆ ಎಂಟನೇ ಒಂದು ಡಾಲರಿನ ಲೆಕ್ಕ ನಡೆಯುತ್ತಿದ್ದದ್ದೂ ಆ ಎಂಟು ರಿಯಾಲಿನ ನೆನಪೇ. ಹದಿನಾರಾಣೆಯಲ್ಲಿ ಲೆಕ್ಕ ಕಲಿತ ತಲೆಮಾರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸದು.

ಹೀಗೆ, ಅಮೆರಿಕ ಆ ಹೆಸರನ್ನು ಹುಟ್ಟಿಸಲಿಲ್ಲ, ಚಲಾವಣೆಯಲ್ಲಿದ್ದದ್ದನ್ನು ಎತ್ತಿಕೊಂಡಿತು. ಹಾಂಗ್‌ಕಾಂಗ್, ಸಿಂಗಪುರಗಳಿಗೆ ಡಾಲರ್ ಬಂದದ್ದೂ ವಾಷಿಂಗ್ಟನ್ನಿನಿಂದಲ್ಲ, ಚೀನಾದ ವ್ಯಾಪಾರದಲ್ಲಿ ಓಡಾಡುತ್ತಿದ್ದ ಸ್ಪೇನ್, ಮೆಕ್ಸಿಕೊಗಳ ಬೆಳ್ಳಿಯ ಬೆನ್ನೇರಿ. ಚೀನಾದ ‘ಯುವಾನ್’, ಜಪಾನಿನ ‘ಯೆನ್’ ಎರಡಕ್ಕೂ ‘ದುಂಡನೆಯದು’ ಎಂದೇ ಅರ್ಥ. ಆ ದುಂಡು ಬೆಳ್ಳಿ ನಾಣ್ಯವೇ ಮನಸ್ಸಿನಲ್ಲಿದ್ದದ್ದು. ನಿಮ್ಮ ದರ್ಪದ ಮಾತಿಗೆ ಸ್ವಲ್ಪ ಜಾಗ ಇರುವುದು 20ನೇ ಶತಮಾನದಲ್ಲಿ. ಪೌಂಡ್ ಬಿಟ್ಟ ಆಸ್ಟ್ರೇಲಿಯ 1966ರಲ್ಲಿ ಡಾಲರಿಗೆ ಬಂತು. ಅದಕ್ಕೂ ಮೊದಲು ಅಲ್ಲಿನ ಸರ್ಕಾರ ‘ರಾಯಲ್’ ಎಂಬ ಹೆಸರು ಘೋಷಿಸಿ, ಜನ ನಕ್ಕಿದ್ದರಿಂದ ಹಿಂತೆಗೆದುಕೊಂಡಿತ್ತು. ಸಮೋವಾದವರ ‘ತಾಲಾ’ ಕೂಡ ಡಾಲರ್ ಪದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡದ್ದು. ಬೊಹೀಮಿಯದಿಂದ ಹೊರಟ ‘ಟಾ’ ಪೆಸಿಫಿಕ್ ದ್ವೀಪದಲ್ಲಿ ‘ತಾ’ ಆಗಿ ಮರಳಿತು.

ಹೆಸರು ಹಬ್ಬುವುದಕ್ಕೆ ದರ್ಪ ಬೇಕಿಲ್ಲ, ನಂಬಿಕೆ ಸಾಕು ಎನ್ನುವುದಕ್ಕೆ ಮರಿಯಾ ತೆರೇಸಾ ಟಾಲರ್ ಎದ್ದು ಕಾಣುವ ನಿದರ್ಶನ. ಆಸ್ಟ್ರಿಯದ ಈ ರಾಣಿ ತೀರಿಕೊಂಡದ್ದು 1780ರಲ್ಲಿ. ಅವಳ ಮುಖದ ನಾಣ್ಯ ಆ ಹೊತ್ತಿಗೆ ಕೆಂಪು ಸಮುದ್ರದ ಎರಡೂ ದಡದಲ್ಲಿ, ಅಂದರೆ ಯೆಮೆನ್ನಿನ ಕಾಫಿ ವ್ಯಾಪಾರದಲ್ಲೂ ಇಥಿಯೋಪಿಯದ ಸಂತೆಗಳಲ್ಲೂ ಬೇರೂರಿತ್ತು. (ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಎಂದು ನಮ್ಮ ಐತಿಹ್ಯ ಹೇಳುವುದು ಇದೇ ಯೆಮೆನ್ನಿನಿಂದ. ಅವರು ಹೋದದ್ದು ಈ ನಾಣ್ಯ ಬರುವುದಕ್ಕೆ ಮುಂಚೆ.) ಹೊಸ ದೊರೆಯ ಮುಖವಿದ್ದರೆ ಅಲ್ಲಿನ ವ್ಯಾಪಾರಿಗಳು ಮುಟ್ಟುತ್ತಿರಲಿಲ್ಲ. ಹಾಗಾಗಿ ವಿಯೆನ್ನಾದವರು ಸತ್ತ ರಾಣಿಯ ಅಚ್ಚನ್ನೇ, 1780 ಎಂಬ ಇಸವಿಯನ್ನೂ ಬದಲಿಸದೆ, ಹೊಡೆಯುತ್ತ ಹೋದರು. ತೂಕ 28.07 ಗ್ರಾಂ, ಆರರಲ್ಲಿ ಐದು ಪಾಲು ಅಪ್ಪಟ ಬೆಳ್ಳಿ. ಅಂಚಿನಲ್ಲಿ ಉಬ್ಬು ಅಕ್ಷರಗಳಿದ್ದವು. ಕತ್ತರಿಸಿ ಬೆಳ್ಳಿ ಕದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಇಥಿಯೋಪಿಯದ ಹಳ್ಳಿಗ ನಾಣ್ಯವನ್ನು ಕೈಗೆ ತೆಗೆದುಕೊಂಡು ರಾಣಿಯ ಭುಜದ ಪದಕದಲ್ಲಿ ಒಂಬತ್ತು ಮುತ್ತು ಇವೆಯೋ ಎಂದು ಎಣಿಸುತ್ತಿದ್ದ. ಸವೆದು ಎಂಟಾಗಿದ್ದರೆ ವಾಪಸ್ಸು. ಅಲ್ಲಿನ ಚಕ್ರವರ್ತಿ ಮೆನೆಲಿಕ್ ತನ್ನದೇ ಮುಖದ ‘ಬಿರ್’ ಎಂಬ ನಾಣ್ಯ ಹೊಡೆಸಿದಾಗಲೂ ಜನ ದೂರದ ರಾಣಿಯನ್ನೇ ನಂಬಿದರು.

ಈ ಕಥೆಯಲ್ಲಿ ಮುಂಬಯಿಗೂ ಪಾತ್ರವಿದೆ. 1867–68ರಲ್ಲಿ ಜನರಲ್ ನೇಪಿಯರ್ ಮುಂಬಯಿಯಿಂದ ಇಥಿಯೋಪಿಯಕ್ಕೆ ದಂಡೆತ್ತಿ ಹೋದಾಗ ಫಿರಂಗಿ ಹೊರಲು ಆನೆಗಳನ್ನು ಇಲ್ಲಿಂದ ಒಯ್ದ. ದಾರಿಯ ಖರ್ಚಿಗೆ ಮಾತ್ರ ವಿಯೆನ್ನಾದಿಂದ ಟಾಲರ್ ತರಿಸಬೇಕಾಯಿತು. 1935ರಲ್ಲಿ ಮುಸೊಲಿನಿ ಇಥಿಯೋಪಿಯದ ಮೇಲೆ ಕಣ್ಣು ಹಾಕಿ ಆಸ್ಟ್ರಿಯದಿಂದ ಅಚ್ಚುಗಳನ್ನೇ ರೋಮಿಗೆ ತರಿಸಿಕೊಂಡ. ಸುಮ್ಮನಿರಲಾರದ ಬ್ರಿಟಿಷರು ಲಂಡನ್ನಿನಲ್ಲಿ ತಾವೂ ಹೊಡೆಯಲು ಶುರುಮಾಡಿದರು. ಮಹಾಯುದ್ಧದ ನಡುವೆ, 1940–41ರಲ್ಲಿ, ಮುಂಬಯಿಯ ಟಂಕಸಾಲೆಯಲ್ಲೂ ಕೋಟಿ ಮೀರಿ ಟಾಲರ್ ಅಚ್ಚಾದವು. 160 ವರ್ಷದ ಹಿಂದೆ ಸತ್ತ ಆಸ್ಟ್ರಿಯದ ರಾಣಿಯ ನಾಣ್ಯವನ್ನು, ಇಟಲಿಯ ವಿರುದ್ಧದ ಯುದ್ಧಕ್ಕಾಗಿ, ಬ್ರಿಟಿಷರು ಭಾರತದಲ್ಲಿ ಹೊಡೆದರು. ಇದನ್ನು ಯಾವ ದೇಶದ ದರ್ಪದ ಖಾತೆಗೆ ಜಮಾ ಮಾಡುತ್ತೀರಿ?

ಕೊನೆಯದು ಚೈನಿನ ಡಾಲರ್. ನಮ್ಮಲ್ಲಿ ಹಣವಾಗಿ ಆ ಹೆಸರು ನಿಲ್ಲದ್ದಕ್ಕೆ ಕಾರಣ ಸರಳ. ಯುರೋಪಿನ ಹಡಗುಗಳು ಮೆಣಸಿಗೆ, ಬಟ್ಟೆಗೆ ಎಂದು ಪೆಟ್ಟಿಗೆಗಟ್ಟಲೆ ತಂದ ಬೆಳ್ಳಿ ನಾಣ್ಯಗಳು ಸೂರತ್ತಿನಂಥ ಕಡೆ ಮೊಗಲರ ಟಂಕಸಾಲೆಗೆ ಹೋಗಿ ಕರಗಿ ರೂಪಾಯಿಯಾಗುತ್ತಿದ್ದವು. ದಕ್ಷಿಣದಲ್ಲಂತೂ ‘ವರಹ’, ‘ಹಣ’ ಎಂಬ ಚಿನ್ನದ ನಾಣ್ಯಗಳದೇ ಕಾರುಬಾರು. ಕೊರಳಿನ ಮಾತು ಬೇರೆ. ಯೆಮೆನ್, ಇಥಿಯೋಪಿಯಗಳಲ್ಲಿ ಮರಿಯಾ ತೆರೇಸಾ ಟಾಲರಿಗೆ ಕೊಂಡಿ ಹಾಕಿ ಹೆಂಗಸರು ಧರಿಸುತ್ತಿದ್ದರು. ನಮ್ಮ ಕಾಸಿನ ಸರದಲ್ಲಿ ಪೋಣಿಸುವುದೂ ನಾಣ್ಯವನ್ನೇ. ದುಂಡನೆಯ, ಮುಖ ಅಚ್ಚಾದ ಬಿಲ್ಲೆಯೊಂದು ಸರದ ತುದಿಗೆ ಬಂದಾಗ ಅದನ್ನು ನಾಣ್ಯದ ಹೆಸರಿನಿಂದ ಕರೆಯುವುದರಲ್ಲಿ ಅಸಹಜವಾದದ್ದೇನೂ ಕಾಣದು. ಈಗ ಹೃದಯದ ಆಕಾರದ್ದಿರಲಿ, ಗಣಪತಿಯದಿರಲಿ, ಅಂಗಡಿಯಲ್ಲಿ ಎಲ್ಲವೂ ಡಾಲರೇ.

ಒಂದು ಉಪಯುಕ್ತ ಮಾತು ಸೇರಿಸಿ ಮುಗಿಸುತ್ತೇವೆ. ಹಳೆ ವಸ್ತುಗಳ ಅಂಗಡಿಯಲ್ಲಿ ತುಂಬುಗೆನ್ನೆಯ ರಾಣಿಯ ಚಿತ್ರವಿದ್ದು 1780 ಎಂದು ಬರೆದ ದೊಡ್ಡ ಬೆಳ್ಳಿ ನಾಣ್ಯ ಕಂಡರೆ, ‘ಇನ್ನೂರು ವರ್ಷದ್ದು ಸ್ವಾಮಿ’ ಎಂಬ ಮಾತಿಗೆ ದುಡ್ಡು ಬಿಚ್ಚಬೇಡಿ. ವಿಯೆನ್ನಾದ ಟಂಕಸಾಲೆ ಅದನ್ನು ಈಗಲೂ ಅದೇ ಇಸವಿ ಹಾಕಿ ಹೊಡೆದು ಮಾರುತ್ತಿದೆ. ಬೆಳ್ಳಿಯ ತೂಕಕ್ಕೆ ಎಷ್ಟಾಗುತ್ತದೋ ಅಷ್ಟು ಕೊಡಿ.

— ಸಂ.