ಗಂಟಲ ಸ್ವ್ಯಾಬ್ ನೆಗೆಟಿವ್ ಬಂದ ಮೇಲೂ ಮೂಗಿನ ಸ್ವ್ಯಾಬ್, ಕಫ ಎಂದು ಏಕೆ ಕೇಳುತ್ತಾರೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಅರವತ್ತೆಂಟು ವರ್ಷದ ನಿಮ್ಮ ತಾಯಿಯವರಿಗೆ ಒಂದು ವಾರದಿಂದ ಜ್ವರ ಮತ್ತು ಕೆಮ್ಮು ಇದೆ. ಐದನೆಯ ದಿನ ಕೊಟ್ಟ ಗಂಟಲ ದ್ರವದ ಮಾದರಿಯಲ್ಲಿ ಫ್ಲೂ, ಕೋವಿಡ್ ಎರಡೂ ನೆಗೆಟಿವ್ ಬಂದಿವೆ. ಈಗ ಉಸಿರಾಟಕ್ಕೆ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ ಮೇಲೆ, ಮೂಗಿನ ಹಿಂಭಾಗದ ಸ್ವ್ಯಾಬ್ ಮತ್ತು ಕಫ ಎರಡನ್ನೂ ಕಳುಹಿಸಬೇಕೆಂದು ವೈದ್ಯರು ಹೇಳುತ್ತಿದ್ದಾರೆ. ಮೈಯಲ್ಲಿ ವೈರಾಣು ಇದ್ದರೆ ಎಲ್ಲಿಂದ ತೆಗೆದರೂ ಸಿಗಬೇಕಲ್ಲವೇ, ರಕ್ತ ಪರೀಕ್ಷೆ ಮಾಡಿದರೆ ಮುಗಿಯುವುದಿಲ್ಲವೇ, ಇದು ಅನಾವಶ್ಯಕ ಖರ್ಚೇ ಎಂಬುದು ನಿಮ್ಮ ಸಂದೇಹ.

ನಾನು ಹದಿನಾರು ವರ್ಷಗಳಿಂದ ವೈರಾಣು ಪ್ರಯೋಗಾಲಯದಲ್ಲಿ ಇಂಥ ಮಾದರಿಗಳನ್ನು ಪರೀಕ್ಷಿಸುತ್ತಿದ್ದೇನೆ. ನಿಮ್ಮ ವೈದ್ಯರು ಕೇಳಿರುವುದು ಸರಿಯಾಗಿದೆ. ದಯವಿಟ್ಟು ತಡಮಾಡದೆ ಕೊಡಿಸಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದಕ್ಕೆ ಕೊಟ್ಟ ಮಾದರಿಯಲ್ಲಿ ಇಲ್ಲದ್ದನ್ನು ಅದು ತೋರಿಸಲಾರದು ಎಂಬ ವಿಷಯ ರೋಗಿಯ ಮನೆಯವರಿಗೆ ತಲುಪುವುದೇ ಅಪರೂಪ.

ರಕ್ತದ ವಿಚಾರ ಬೇಗ ಮುಗಿಯುತ್ತದೆ. ಫ್ಲೂ, ಕೋವಿಡ್, ಕೂಸುಗಳನ್ನು ಹೆಚ್ಚಾಗಿ ಕಾಡುವ ಆರ್‌ಎಸ್‌ವಿ ಮುಂತಾದ ಉಸಿರಾಟದ ವೈರಾಣುಗಳು ಮೂಗು, ಗಂಟಲು, ಶ್ವಾಸನಾಳಗಳ ಒಳಪದರದ ಜೀವಕೋಶಗಳಲ್ಲಿ ಬೆಳೆಯುತ್ತವೆ. ರಕ್ತದಲ್ಲಿ ಅವು ಸಿಗುವುದು ತೀರಾ ಕಡಿಮೆ. ವೈರಾಣುವಿನ ವಿರುದ್ಧ ದೇಹ ತಯಾರಿಸುವ, ರಕ್ತದಲ್ಲಿ ನೋಡಬಹುದಾದ ಪ್ರತಿಕಾಯಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಕು, ಕಂಡರೂ ಅವು ಈಗಿನ ಸೋಂಕಿನವೋ ಹಿಂದಿನದ್ದರವೋ ಲಸಿಕೆಯಿಂದ ಬಂದವೋ ಎಂದು ಬಿಡಿಸಿ ಹೇಳುವುದು ಕಷ್ಟ. ರಕ್ತ ಪರೀಕ್ಷೆಯಿಂದ ವೈದ್ಯರಿಗೆ ಬೇರೆ ಉಪಯೋಗಗಳಿವೆ, ಆದರೆ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಚೀನಾದ ವೈದ್ಯರ ತಂಡವೊಂದು ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಪ್ರಕಟಿಸಿದ ಅಂಕಿಗಳನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ತೋರಿಸುತ್ತೇನೆ. ಕೋವಿಡ್ ಖಚಿತವಾಗಿದ್ದ 205 ರೋಗಿಗಳಿಂದ ತೆಗೆದ 1070 ಮಾದರಿಗಳಲ್ಲಿ, ಶ್ವಾಸಕೋಶವನ್ನು ಲವಣಜಲದಿಂದ ತೊಳೆದು ತೆಗೆದ ದ್ರವದ 15 ಮಾದರಿಗಳ ಪೈಕಿ 14, ಕಫದ 104ರ ಪೈಕಿ 72, ಮೂಗಿನ ಸ್ವ್ಯಾಬಿನ 8ರ ಪೈಕಿ 5, ಗಂಟಲ ಸ್ವ್ಯಾಬಿನ 398ರ ಪೈಕಿ 126 ಪಾಸಿಟಿವ್ ಆಗಿದ್ದವು. ರಕ್ತದ 307 ಮಾದರಿಗಳಲ್ಲಿ ಮೂರು ಮಾತ್ರ. ಎಲ್ಲ ರೋಗಿಗಳಿಂದಲೂ ಎಲ್ಲ ಬಗೆಯ ಮಾದರಿಯನ್ನು ಒಂದೇ ದಿನ ತೆಗೆದಿರಲಿಲ್ಲ, ಮೂಗಿನ ಸ್ವ್ಯಾಬುಗಳಂತೂ ಬೆರಳೆಣಿಕೆಯಷ್ಟಿದ್ದವು. ಆದ್ದರಿಂದ ಈ ಪ್ರಮಾಣಗಳನ್ನು ಹಾಗೆಯೇ ನಿಮ್ಮ ತಾಯಿಯವರಿಗೆ ಅನ್ವಯಿಸಲಾಗದು. ಆದರೂ ರೋಗ ಖಚಿತವಾಗಿದ್ದವರ ಗಂಟಲ ಸ್ವ್ಯಾಬುಗಳಲ್ಲೇ ಮೂರರಲ್ಲಿ ಎರಡು ಪಾಲು ನೆಗೆಟಿವ್ ಬಂದಿದ್ದವು ಎಂಬುದನ್ನು ನೀವು ಗಮನಿಸಬೇಕು.

ಗಂಟಲ ಸ್ವ್ಯಾಬ್ ತೆಗೆಯುವುದು ಸುಲಭ. ಆದರೆ ನಾಲಿಗೆ, ಕೆನ್ನೆಯ ಒಳಭಾಗ, ಜೊಲ್ಲು ಎಲ್ಲವೂ ದಾರಿಯಲ್ಲೇ ಇರುವುದರಿಂದ, ರೋಗಿಗೆ ಓಕರಿಕೆ ಬಂದ ಕೂಡಲೇ ಕೈ ಹಿಂದೆಳೆದುಕೊಂಡರೆ ಕಡ್ಡಿಗೆ ಹತ್ತಿರುವುದು ಬರೀ ಎಂಜಲು. ಮೂಗಿನ ಹಿಂಭಾಗದಿಂದ, ಅಂದರೆ ಮೂಗು ಮತ್ತು ಗಂಟಲು ಕೂಡುವ ಜಾಗದಿಂದ ತೆಗೆಯುವ ಮಾದರಿ ಹೆಚ್ಚಿನ ವೈರಾಣುಗಳಿಗೆ ಮೇಲಾದದ್ದು, ಆದರೆ ಅದಕ್ಕೆ ಕೈ ಪಳಗಿರಬೇಕು. ಕಡ್ಡಿಯನ್ನು ಹುಬ್ಬಿನ ಕಡೆಗೆ ಮೇಲಕ್ಕೆ ತಳ್ಳಬಾರದು; ಮೂಗಿನ ನೆಲದ ಮೇಲೇ, ಅಂಗುಳಕ್ಕೆ ಸಮಾನಾಂತರವಾಗಿ, ಕಿವಿಯ ದಿಕ್ಕಿಗೆ ಮೆಲ್ಲಗೆ ಸಾಗಿಸಬೇಕು. ದೊಡ್ಡವರಲ್ಲಿ ಸುಮಾರು ಎಂಟು ಸೆಂಟಿಮೀಟರಿನಷ್ಟು ಒಳಗೆ ಹೋದಾಗ ಅದು ಮೆತ್ತಗೆ ತಡೆಯುತ್ತದೆ. ಅಲ್ಲಿ ಕೆಲವು ಸೆಕೆಂಡು ನಿಲ್ಲಿಸಿ, ತಿರುಗಿಸಿ, ತಿರುಗಿಸುತ್ತಲೇ ಹೊರತೆಗೆಯಬೇಕು. ಕಣ್ಣಲ್ಲಿ ನೀರು ಬರುತ್ತದೆ, ಅದು ಸಹಜ. ಆದರೆ ನಿಮ್ಮ ತಾಯಿಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಇತ್ತೀಚೆಗೆ ಮೂಗಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ತಿಳಿಸಿ.

ಮಾದರಿ ಚೆನ್ನಾಗಿ ಬಂದಿದೆಯೇ ಎಂಬುದು ನಮಗೆ ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆ. ವಂಶವಾಹಿಯ ತುಣುಕನ್ನು ಸುತ್ತು ಸುತ್ತಾಗಿ ಇಮ್ಮಡಿಗೊಳಿಸಿ ಪತ್ತೆ ಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಾಣುವಿನ ಜೊತೆಗೆ ಮನುಷ್ಯನ ಒಂದು ವಂಶವಾಹಿಯನ್ನೂ, ಸಾಮಾನ್ಯವಾಗಿ ಆರ್‌ನೇಸ್ ಪಿ ಎಂಬುದನ್ನು, ಹುಡುಕುತ್ತೇವೆ. ಕಡ್ಡಿಗೆ ಜೀವಕೋಶಗಳು ಸಾಕಷ್ಟು ಹತ್ತಿದ್ದರೆ ಯಂತ್ರದ ಪರದೆಯಲ್ಲಿ ಅದರ ಗೆರೆ ಇಪ್ಪತ್ತನಾಲ್ಕು, ಇಪ್ಪತ್ತೈದನೆಯ ಸುತ್ತಿಗೇ ಮೇಲೇಳುತ್ತದೆ; ಬೇಗ ಎದ್ದಷ್ಟೂ ಅದು ಹೆಚ್ಚಿದೆ ಎಂದರ್ಥ. ಕೆಲವು ಮಾದರಿಗಳಲ್ಲಿ ಅದು ಮೂವತ್ತೈದಕ್ಕೆ ಏಳುತ್ತದೆ. ಒಂದೊಂದು ಸುತ್ತಿಗೆ ಇಮ್ಮಡಿಯಾಗುವ ಲೆಕ್ಕದಲ್ಲಿ ಹತ್ತು ಸುತ್ತಿನ ವ್ಯತ್ಯಾಸವೆಂದರೆ ಸುಮಾರು ಸಾವಿರ ಪಟ್ಟು ಕಡಿಮೆ. ಅಂಥ ಕೊಳವೆಯಲ್ಲಿ ವೈರಾಣು ಕಾಣಲಿಲ್ಲವೆಂದು ನೆಗೆಟಿವ್ ವರದಿ ಕೊಡಲು ನನಗೆ ಮನಸ್ಸಾಗುವುದಿಲ್ಲ. ಮತ್ತೊಂದು ಮಾದರಿ ಕಳುಹಿಸಿ ಎಂದು ಫೋನ್ ಮಾಡುತ್ತೇನೆ. ಸ್ವ್ಯಾಬನ್ನು ಕೆಡದಂತೆ ಸಾಗಿಸಲು ಕೊಳವೆಯಲ್ಲಿರುವ ವಿಟಿಎಂ ಎಂಬ ದ್ರಾವಣ ಗುಲಾಬಿ ಬಣ್ಣದ್ದು. ಐಸ್ ಪ್ಯಾಕ್ ಇಲ್ಲದೆ ಬಸ್ಸಿನಲ್ಲಿ ದಿನವಿಡೀ ಬಂದದ್ದು ಕೆಲವೊಮ್ಮೆ ಬ್ಯಾಕ್ಟೀರಿಯಾ ಬೆಳೆದು ಹಳದಿಗೆ ತಿರುಗಿರುತ್ತದೆ. ಮರದ ಕಡ್ಡಿಯ ಸ್ವ್ಯಾಬ್ ಬಳಸಿದರೆ ಅದರೊಳಗಿನ ಅಂಶಗಳೇ ಪರೀಕ್ಷೆಗೆ ಅಡ್ಡಿಯಾಗಬಹುದು. ಇವೆಲ್ಲ ಸಣ್ಣ ಸಂಗತಿಗಳಂತೆ ಕಂಡರೂ ವರದಿಯನ್ನೇ ಬದಲಿಸಬಲ್ಲವು.

ಈಗ ಕಫದ ವಿಚಾರ, ನಿಮಗೆ ಮುಖ್ಯವಾದದ್ದು. ಕಾಯಿಲೆಯ ಮೊದಲ ಮೂರು ನಾಲ್ಕು ದಿನ ವೈರಾಣು ಮೂಗು ಗಂಟಲಲ್ಲಿ ಹೇರಳವಾಗಿರುತ್ತದೆ. ನ್ಯುಮೋನಿಯಾ ಆದವರಲ್ಲಿ ದಿನ ಕಳೆದಂತೆ ಮೇಲ್ಭಾಗದಲ್ಲಿ ಅದು ಕಡಿಮೆಯಾಗುತ್ತಾ, ಕೆಳಗೆ ಶ್ವಾಸಕೋಶದಲ್ಲಿ ಇನ್ನೂ ಉಳಿದಿರಬಹುದು. ಹಕ್ಕಿ ಜ್ವರದ ಎಚ್5ಎನ್1, ಪಶ್ಚಿಮ ಏಷ್ಯಾದಲ್ಲಿ ಕಂಡ ಕೊರೊನಾ ಬಗೆಯ ಮರ್ಸ್ ಇವುಗಳಲ್ಲಿ ಕೆಳಭಾಗದ ಮಾದರಿಗೇ ಮೊದಲ ಆದ್ಯತೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಿಂದ ವೆಂಟಿಲೇಟರ್ ಮೇಲಿದ್ದ ಗರ್ಭಿಣಿಯೊಬ್ಬರ ಗಂಟಲ ಸ್ವ್ಯಾಬ್ ಎರಡು ಬಾರಿ ಬಂದು ಎರಡು ಬಾರಿಯೂ ನೆಗೆಟಿವ್ ಆಯಿತು. ಅಷ್ಟಕ್ಕೇ ಅಲ್ಲಿ ಫ್ಲೂ ಔಷಧವನ್ನು ನಿಲ್ಲಿಸಿದ್ದರು. ಶ್ವಾಸನಾಳಕ್ಕೆ ಕೊಳವೆ ಹೇಗೂ ಹಾಕಿದ್ದೀರಿ, ಅದರಿಂದ ಹೀರಿದ ದ್ರವವನ್ನು ಕಳುಹಿಸಿ ಎಂದು ಕೇಳಿದೆವು. ಮೂರನೆಯ ದಿನ ಬಂದ ಆ ಅಂಟಂಟಾದ ದ್ರವದಲ್ಲಿ ಎಚ್1ಎನ್1 ಎಂಬ ಫ್ಲೂ ವೈರಾಣು ಇಪ್ಪತ್ತೆರಡನೆಯ ಸುತ್ತಿಗೇ ಕಂಡಿತು. ಔಷಧ ಮತ್ತೆ ಶುರುವಾಯಿತು, ಆಕೆ ಚೇತರಿಸಿಕೊಂಡರು. ಆದರೆ ಕಳೆದುಹೋದ ಆ ಮೂರು ದಿನಗಳು ನನ್ನನ್ನು ಇಂದಿಗೂ ಕಾಡುತ್ತವೆ. ಅಂದಿನಿಂದ, ಲಕ್ಷಣಗಳು ಜೋರಾಗಿದ್ದು ಮೇಲ್ಭಾಗದ ಮಾದರಿ ನೆಗೆಟಿವ್ ಇದ್ದರೆ, ವರದಿಯ ಕೆಳಗೆ ಕೆಳಶ್ವಾಸಾಂಗದ ಮಾದರಿ ಕಳುಹಿಸಿ ಎಂದು ತಪ್ಪದೆ ಬರೆಯುತ್ತೇನೆ. ಶ್ವಾಸಕೋಶ ತೊಳೆದು ತೆಗೆಯುವ ದ್ರವ ಇನ್ನೂ ಖಚಿತವಾದದ್ದಾದರೂ ಅದಕ್ಕೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸುವುದು, ಬೇಕು. ನಿಮ್ಮ ತಾಯಿಯವರು ಕೆಮ್ಮಿ ಕಫ ತೆಗೆಯಬಲ್ಲರಾದರೆ ಸದ್ಯಕ್ಕೆ ಅಷ್ಟು ದೂರ ಹೋಗಬೇಕಾಗಿ ಬರಲಿಕ್ಕಿಲ್ಲ.

ಜೊಲ್ಲಿನಿಂದಲೇ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಕೋವಿಡ್‌ಗೆ ಅದು ಸಾಕಷ್ಟು ಚೆನ್ನಾಗಿ ಕೆಲಸ ಮಾಡಿತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೊಲ್ಲಿನ ಪರೀಕ್ಷೆಗೆ ತುರ್ತು ಅನುಮತಿ ಸಿಕ್ಕಿತು. 2021ರ ಮೇ ತಿಂಗಳಲ್ಲಿ ನಾಗಪುರದ ನೀರಿ ಎಂಬ ಸಂಶೋಧನಾ ಸಂಸ್ಥೆಯ ಲವಣಜಲ ಮುಕ್ಕಳಿಸುವ ವಿಧಾನವನ್ನು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಒಪ್ಪಿತು. ನೋವಿಲ್ಲದ, ಪದೇ ಪದೇ ಕೊಡಬಹುದಾದ ಮಾದರಿ ಅದು, ಶಾಲೆಯ ಮಕ್ಕಳಿಗೆ ನಿಜಕ್ಕೂ ವರದಾನ. ಆದರೆ ಜ್ವರ, ಉಸಿರಾಟದ ಆಯಾಸದಿಂದ ಬಾಯಿ ಒಣಗಿರುವ ವೃದ್ಧರಲ್ಲಿ ನಾನು ಅದನ್ನು ನೆಚ್ಚುವುದಿಲ್ಲ. ಮನೆಯಲ್ಲೇ ಮಾಡುವ ಆಂಟಿಜೆನ್ ಕಿಟ್‌ಗೆ ಮೂಗಿನ ಮುಂಭಾಗದ ಸ್ವ್ಯಾಬ್ ಸಾಕು. ಅದರಲ್ಲಿ ಪಾಸಿಟಿವ್ ಬಂದರೆ ನಂಬಬಹುದು, ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಬೇಕೇ ಬೇಕು.

ಕೂಸುಗಳ ಲೆಕ್ಕ ಬೇರೆ. ಕಫ ಉಗುಳಲು ಬಾರದ ಹಸುಗೂಸಿಗೆ ಮೂಗಿನ ಹಿಂಭಾಗದ ದ್ರವವನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದೇ ಆರ್‌ಎಸ್‌ವಿ ಪತ್ತೆಗೆ ಬಹುಕಾಲದಿಂದ ಉತ್ತಮ ಮಾರ್ಗವೆನಿಸಿದೆ. ನೈಲಾನ್ ಎಳೆಗಳನ್ನು ಬ್ರಷ್‌ನಂತೆ ನಿಲ್ಲಿಸಿದ ಫ್ಲಾಕ್ಡ್ ಸ್ವ್ಯಾಬ್‌ಗಳು ಬಂದ ಮೇಲೆ ಹೀರಿ ತೆಗೆದ ದ್ರವಕ್ಕೂ ಸ್ವ್ಯಾಬಿಗೂ ಇದ್ದ ಅಂತರ ಬಹಳ ಕಡಿಮೆಯಾಗಿದೆ.

ಮೂಗಿನ ಮತ್ತು ಗಂಟಲ ಸ್ವ್ಯಾಬ್ ಎರಡನ್ನೂ ತೆಗೆದರೆ ಒಂದೇ ವಿಟಿಎಂ ಕೊಳವೆಗೆ ಹಾಕಬಹುದು, ಎರಡು ಪರೀಕ್ಷೆಯ ಹಣ ಕೊಡಬೇಕಾಗಿಲ್ಲ; ಇದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ. ಕಫವನ್ನು ಬೇರೆ ಡಬ್ಬಿಯಲ್ಲಿ ಕೊಡಬೇಕು. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕೂತುಕೊಂಡು ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಲಿ. ನೊರೆನೊರೆಯಾಗಿ ತೆಳುವಾಗಿದ್ದರೆ ಅದು ಎಂಜಲು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಲಿ. ಹತ್ತಿರ ನಿಲ್ಲುವವರು ಮಾಸ್ಕ್ ಹಾಕಿಕೊಳ್ಳಿ. ಮಾದರಿಯ ಜೊತೆ ಹೋಗುವ ಫಾರ್ಮಿನಲ್ಲಿ ಜ್ವರ ಶುರುವಾದ ದಿನಾಂಕದ ಜಾಗ ಹೆಚ್ಚಾಗಿ ಖಾಲಿಯೇ ಬರುತ್ತದೆ. ಅದನ್ನು ನೀವೇ ನೋಡಿ ತುಂಬಿಸಿ. ಫಲಿತಾಂಶ ಬರುವವರೆಗೆ ವೈದ್ಯರು ಫ್ಲೂ ಔಷಧ ಆರಂಭಿಸುತ್ತೇವೆ ಎಂದರೆ ಒಪ್ಪಿಕೊಳ್ಳಿ, ಈ ವಯಸ್ಸಿನಲ್ಲಿ ಅದಕ್ಕೆ ವರದಿಯ ದಾರಿ ಕಾಯುವುದಿಲ್ಲ.